ಕಾಲು ಸುತ್ತು

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರೆ
ಅದರ ಹೊಟ್ಟೆಯೊಳಗೆ ಮರಳು ಸರಿಯುವ ಸದ್ದು.
ಹಿಡಿಯಷ್ಟೇನಿಲ್ಲ, ಅರ್ಧ ಚಮಚ ಇರಬಹುದು.
ನಲವತ್ತಕ್ಕೂ ಹೆಚ್ಚು ವರ್ಷದಿಂದ
ಹೊರಗೆ ಬರಲು ದಾರಿ ಹುಡುಕುತ್ತಿದೆ.

ಕಾಳಿಗೆ ಸೇತುವೆ ಇಲ್ಲದ ಕಾಲ.
ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯಲ್ಲೇ ದಾಟಬೇಕು.
ಆಬೋಲಿ ಮಾವ್ಶಿ ಆಚೆ ದಡದ ಬಾಲವಾಡಿಯ ಟೀಚರು.
ಗಂಡಸರ ಇಪ್ಪತ್ತೆರಡು ಇಂಚಿನ ಸೈಕಲ್ಲು, ಕಚ್ಚೆ ಸೀರೆ,
ನೋಡುವವರು ನೋಡಲಿ ಎಂಬಂಥ ಕತ್ತು.
ಒಂದು ಬೆಳಿಗ್ಗೆ ತಾರಿ ವಾಲಿತು.
ಎರಡು ಬುಟ್ಟಿ ಬಾಂಗಡೆ, ಯಾರದೋ ಕೊಡೆ, ಈ ಸೈಕಲ್ಲು
ನೀರಿಗೆ ಹೋದವು.
ಮೂರನೇ ದಿನ ಸೈಕಲ್ಲು ಬಲೆಗೆ ಸಿಕ್ಕಿತು.
"ನನ್ನ ಬುಟ್ಟಿ?" ಎಂದು ಕೇಳಿದಳಂತೆ ಮೀನಿನವಳು.

ಆಮೇಲೆ ಸೇತುವೆ ಬಂತು.
ಆ ಸೇತುವೆ ಬಿದ್ದೂ ಆಯಿತು.

ಉಪ್ಪುಗಾಳಿಯ ಊರಲ್ಲಿ ಕಬ್ಬಿಣ ಸಾಕುವುದೆಂದರೆ
ದಿನಾ ಬೆಳಗಾದರೆ ಜಗಳ.
ಮಾವ್ಶಿ ದೋಣಿಗೆ ಬಳಿಯುವ ಮೋರಿ ಎಣ್ಣೆ ತಂದಳು
(ಘಟ್ಟದ ಮೇಲಿನವರಿಗೆ ಮೋರಿ ಅಂದರೆ ಚರಂಡಿ,
ನಮಗೆ ಹಲ್ಲಿರುವ ಮೀನು),
ಕೋಳಿಗರಿ ಅದ್ದಿ ಕೊಳವೆಯೊಳಗೆ ಕೈ ಹೋದಷ್ಟೂ ಸವರಿದಳು.
ತುಕ್ಕು ನಿಂತಿತು. ಮರಳು ಕದಲಲಿಲ್ಲ.
ಆರು ತಿಂಗಳು ಊರಿನ ಬೆಕ್ಕುಗಳದ್ದೆಲ್ಲ
ಬಾಲವಾಡಿಯಲ್ಲಿ ಪೂರ್ಣ ಹಾಜರಿ.

ನನಗೆ ಹನ್ನೊಂದು. ಎಡ ಪೆಡಲು ಬಿಚ್ಚು ಎಂದಳು.
ಪಾನಾ ಹಾಕಿ ಎಳೆದೆ, ನೇತಾಡಿದೆ, ಒದ್ದೆ, ಅತ್ತೆ.
ಒಂದು ಗಂಟೆ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು.
ಕೊನೆಗೆ, "ಎಡದ್ದು ಉಲ್ಟಾ ಬಿಚ್ಚಬೇಕು, ಬಾಯ್."
ಮೊದಲೇ ಹೇಳಬಾರದಿತ್ತಾ?
"ಹೇಳಿದ್ರೆ ನಿನ್ನ ಕಿವಿಗೆ ಗೊತ್ತಾಗ್ತಿತ್ತು. ಕೈಗಲ್ಲ."
ಅವತ್ತಿನ ಸಿಟ್ಟು ನನಗಿನ್ನೂ ಇದೆ.

ಹಿಂದಿನ ಚಕ್ರಕ್ಕೆ ಒಂದೊಂದು ಬದಿಗೆ ಒಂಬತ್ತು ಗುಂಡು.
ಗ್ರೀಸಿನಲ್ಲಿ ಕೂರಿಸಿ, ಕೋನು ಪೂರ್ತಿ ಬಿಗಿದು,
ಆಮೇಲೆ ಕಾಲು ಸುತ್ತು ಹಿಂದಕ್ಕೆ.
"ಬಿಗಿ ಮಾಡೋದು ಯಾರಿಗೆ ಬರೋದಿಲ್ಲ?
ಎಷ್ಟು ಬಿಡಬೇಕು ಅನ್ನೋದೇ ಕೆಲಸ."
ಇದನ್ನು ಅವಳು ಸೈಕಲ್ಲಿನ ಬಗ್ಗೆಯೇ ಹೇಳಿದ್ದು.
ನಾನೂ ಅಷ್ಟಕ್ಕೇ ಇಟ್ಟುಕೊಂಡಿದ್ದೇನೆ.

ಒಮ್ಮೆ ಬಿಣಗಾ ಇಳಿಜಾರಿನಲ್ಲಿ ಎಮ್ಮೆಗೆ ಗುದ್ದಿದೆ.
ಮುಂದಿನ ಫೋರ್ಕು ಮದುವೆಗೆ ನೋಡಲು ಬಂದಾಗಿನ ಹುಡುಗನ ಹಾಗೆ
ತಲೆ ಒಳಕ್ಕೆ ತಗ್ಗಿಸಿತು.
ಎಮ್ಮೆಗೇನೂ ಆಗಲಿಲ್ಲ.
ಉಕ್ಕು ಮುರಿಯುವ ಮುಂಚೆ ಬಾಗಿ ತಿಳಿಸುತ್ತದೆ,
ಅದಕ್ಕೊಂದು ಮರ್ಯಾದೆ ಇದೆ.
ಬೈತಖೋಲ ಜೆಟ್ಟಿಯಲ್ಲಿ ದೋಣಿ ಕಟ್ಟುವ ಕಬ್ಬಿಣದ ಗೂಟಕ್ಕೆ ಸಿಕ್ಕಿಸಿ
ಇಬ್ಬರೂ ಜಗ್ಗಿದೆವು. ನೇರವಾಯಿತು, ಹೆಚ್ಚುಕಮ್ಮಿ.
ಕೂದಲೆಳೆಯ ಬಿರುಕೊಂದಕ್ಕೆ
ಟ್ರಾಲರ್ ಬೆಸೆಯುವ ಇನಾಸ್ ಹಿತ್ತಾಳೆ ಕರಗಿಸಿ ತುಂಬಿದ.
ದುಡ್ಡು ಬೇಡ, ಒಂದು ರೌಂಡು ಹೊಡೆದು ಬರ್ತೇನೆ ಎಂದ,
ಸಂಜೆ ವಾಪಸ್ಸು ಬಂದ.
ಅಂದಿನಿಂದ ಕೈ ಬಿಟ್ಟರೆ ಅದು ತುಸು ಬಲಕ್ಕೆ ಎಳೆಯುತ್ತದೆ:
ಕೆಲಸಕ್ಕೆ ಹೋಗುವಾಗ ಸಮುದ್ರದ ಕಡೆಗೆ,
ಮನೆಗೆ ಬರುವಾಗ ಗುಡ್ಡದ ಕಡೆಗೆ.

ಟಯರು ಎಷ್ಟು ಸಲವೋ. ಚೈನು ನಾಲ್ಕು.
ಸೀಟು ಭಟ್ಕಳದ ಗುಜರಿಯದ್ದು, ಬೆಲ್ಲು ಮಗಳ ಹಟದ್ದು.
ಹಳೆಯದು ಏನುಳಿದಿದೆ ಇದರಲ್ಲಿ ಎಂದು ಅವಳೇ ಕೇಳಿದಳು.
ಚೌಕಟ್ಟು, ಎಂದೆ. ಮತ್ತೆ ಮರಳು.

ಇವತ್ತು ಗುರುವಾರ, ಐಸ್ ಫ್ಯಾಕ್ಟರಿಗೆ ರಜೆ.
ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು
ಕರಟಕ್ಕೆ ಹಾಕಿ ಎಣಿಸಿದೆ.
ಹದಿನೇಳು.
ಮತ್ತೆ ಎಣಿಸಿದೆ.
ಒಳಗಿನಿಂದ ಮಾವ್ಶಿ (ಕಣ್ಣಿಗೆ ಪೊರೆ, ಕಿವಿ ಚಾಲೂ)
"ಬಾವಿಕಟ್ಟೆ ಕಡೆ ಉರುಳಿದ್ದು ಕೇಳಿಸ್ತು" ಎಂದಳು.
ಮೊಣಕಾಲೂರಿ ಹುಡುಕುತ್ತಿದ್ದೇನೆ.
ಪಕ್ಕದ ಮನೆಯ ಬೆಕ್ಕೂ
ಏನನ್ನೋ ಹುಡುಕುತ್ತಿದೆ.