ಹಿಂಬದಿಯ ಹಲಗೆ

ದಾನದ ಎಮ್ಮೆಗೆ ಹಲ್ಲು ಎಣಿಸಬಾರದಂತೆ.
ಇದು ದಾನವಲ್ಲ; ಮೂರು ಸಾವಿರದ ಇನ್ನೂರು ಡಾಲರು,
ನಗದು, ನನ್ನ ಕೋಟಿನ ಒಳಜೇಬಿನಲ್ಲಿ,
ಎರಡು ಚಳಿಗಾಲ ಸ್ಕೂಲ್ ಬಸ್ಸು ಓಡಿಸಿ ಕೂಡಿಟ್ಟದ್ದು.
ಅದಕ್ಕೇ ಲೆಂಪಿಯನ್ನು ಕರೆತಂದೆ, ಹಲ್ಲು ಎಣಿಸಲು.

ಏಪ್ರಿಲ್ ಕೊನೆ. ಸುಪೀರಿಯರ್ ಸರೋವರದ ಅಂಚಿನಲ್ಲಿ
ಮಂಜುಗಡ್ಡೆ, ಬಾಕಿ ಉಳಿಸಿಕೊಂಡ ಬಾಡಿಗೆದಾರ,
ಇವತ್ತು ನಾಳೆ ಎನ್ನುತ್ತ ಇನ್ನೂ ಕೂತಿತ್ತು.
ಆರ್ವಿಡ್ ಕೋಸ್ಕೆಲಾ ಶೆಡ್ಡಿನ ಬಾಗಿಲು ಸರಿಸಿದ.
ಟ್ರೇಲರಿನ ಮೇಲೆ ದೋಣಿ, ಹದಿನಾರಡಿ,
ಮೈಗೆ ಬಿಳಿ, ಅಂಚಿಗೆ ಹಸಿರು.
ಹಿಂದೆ ಮೋಟಾರು, ನಲವತ್ತು ಕುದುರೆಯದು,
ಫೋಟೊಕ್ಕೆ ನಿಂತ ಮದುಮಗನಂತೆ ಕಪ್ಪಗೆ, ಬಿಗಿಯಾಗಿ.

"ಪೂರ್ತಿ ಬಿಚ್ಚಿ ಕಟ್ಟಿದ್ದು," ಎಂದ.
ಎಲ್ಲರೂ ಹೇಳುವ ಮಾತು.
"ಯಾರು ಕಟ್ಟಿದ್ದು?" ಕೇಳಿದಳು ಲೆಂಪಿ.
"ನಾನೇ."
"ಯಾರ ಹತ್ತಿರ ಕಲಿತದ್ದು?"
ಅವನು ಗೂಡಿನಿಂದ ಒಂದು ಕೈಪಿಡಿ ತೆಗೆದ.
ಪುಟಪುಟಕ್ಕೂ ಗ್ರೀಸಿನ ಹೆಬ್ಬೆಟ್ಟು,
ಸಾಲಪತ್ರಕ್ಕೆ ಒತ್ತಿದಷ್ಟು ಸ್ಪಷ್ಟ.
ನೂರ ಹನ್ನೆರಡನೇ ಪುಟದಲ್ಲಿ ಕಾಫಿ ಚೆಲ್ಲಿದ ಕಲೆ,
ಪಕ್ಕದಲ್ಲಿ ಪೆನ್ಸಿಲಿನಲ್ಲಿ ಫಿನ್ನಿಷ್ ಭಾಷೆಯ ಒಂದು ಪದ.
ಲೆಂಪಿ ಓದಿ ನಕ್ಕಳು. ನನಗೆ ಅರ್ಥ ಹೇಳಲಿಲ್ಲ.

ಮೊದಲು ಮೋಟಾರಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು.
ನಾವು ಬರುವ ಮುಂಚೆ ಓಡಿಸಿ ಬಿಸಿ ಮಾಡಿಟ್ಟಿಲ್ಲ.
ಮೂರು ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟಳು:
ತುದಿಗೆಲ್ಲ ಬಿಸ್ಕತ್ತಿನ ಬಣ್ಣ.
ಸಿಲಿಂಡರಿನ ಬಾಯಿಗೆ ಮಾಪಕ ತಿರುಗಿಸಿ "ಎಳಿ" ಎಂದಳು.
ಎಳೆದೆ. ನೂರ ಹದಿನೆಂಟು.
ಎಳೆದೆ. ನೂರ ಇಪ್ಪತ್ತು.
ತೋಳು ಬಿದ್ದುಹೋಗುವಂತೆ ಎಳೆದೆ. ನೂರ ಹದಿನೆಂಟು.
ಆರ್ವಿಡ್ ಕಿಟಕಿಯಾಚೆ ನೋಡುತ್ತಿದ್ದ,
ಮಗಳ ಪರೀಕ್ಷೆ ನಡೆಯುವ ಕೋಣೆಯ ಹೊರಗೆ ನಿಂತ ಹಾಗೆ.
ಗೇರಿನ ಎಣ್ಣೆ ಎರಡು ಹನಿ ಅಂಗೈಗೆ. ಹಾಲು ಬೆರೆತಿರಲಿಲ್ಲ.
ಕಾಲಿಗೆ ನೀರಿನ ಪೈಪು ಕಚ್ಚಿಸಿ ಚಾಲೂ ಮಾಡಿದರೆ
ಕೆಮ್ಮಿತು, ಗೊಣಗಿತು, ಹದಕ್ಕೆ ಬಂತು;
ಪಕ್ಕದ ತೂತಿನಿಂದ ನೀರು ಚಿರ್ರನೆ,
ಕೂಸಿನ ಉಚ್ಚೆ, ನೇರ, ನಾಚಿಕೆಯಿಲ್ಲದ್ದು.

ನಾನಾಗಲೇ ನೀರಿನ ಮೇಲಿದ್ದೆ.

ಲೆಂಪಿ ಸುತ್ತಿಗೆಯ ಹಿಡಿಯಿಂದ
ದೋಣಿಯ ಹಿಂಬದಿಯ ಹಲಗೆ ಬಡಿಯುತ್ತ ಬಂದಳು,
ಕಲ್ಲಂಗಡಿ ಕೊಳ್ಳುವವಳು. ಟಕ್. ಟಕ್. ಟಕ್.
ಮೋಟಾರು ತೂಗುವ ಕೊಂಡಿಯ ಕೆಳಗೆ,
ಹೊಸ ಅಲ್ಯೂಮಿನಿಯಂ ತಗಡು ಹೊಡೆದ ಜಾಗದಲ್ಲಿ,
ಡಬ್.
ಇನ್ನೊಮ್ಮೆ. ಡಬ್. ನೆನೆದ ರೊಟ್ಟಿಯ ಸದ್ದು.
ಮೋಟಾರಿನ ಕಾಲು ಹಿಡಿದು ಮೇಲೆ ಕೆಳಗೆ ಆಡಿಸಿದಳು;
ಹಲಗೆಯೂ ಜೊತೆಗೇ ತಲೆಯಾಡಿಸಿತು: ಹೌದು, ಹೌದು.
ಒಂದು ಸ್ಕ್ರೂ ಬೆರಳಿಗೇ ಬಿಚ್ಚಿ ಬಂತು,
ಅದರ ಹಿಂದೆ ಕಂದು ನೀರಿನ ಒಂದು ಎಳೆ.

"ತಗಡು ಯಾವಾಗ ಹೊಡೆದದ್ದು?"
"ಮಾರ್ಚಿನಲ್ಲಿ." ಸುಳ್ಳು ಹೇಳಲಿಲ್ಲ.
ಕೇಳುವ ತನಕ ಹೇಳಲೂ ಇಲ್ಲ.
"ಮರ ನನಗೆ ತಿಳಿಯೋದಿಲ್ಲ," ಎಂದ.
"ಪುಸ್ತಕ ಇರೋದು ಮೋಟಾರಿಗೆ."

"ಮೋಟಾರು ಮಾತ್ರ ಕೊಡಿ," ಎಂದೆ. "ಎರಡು ಸಾವಿರ."
ಅವನು ಬಟ್ಟೆ ತೆಗೆದು
ಆಗಲೇ ಒರೆಸಿದ್ದ ಕವಚವನ್ನು ಮತ್ತೆ ಒರೆಸಿದ.
"ಇಲ್ಲ. ಜೊತೆಗೇ ಹೋಗಬೇಕು."
ಯಾಕೆ ಎಂದು ಕೇಳಬಹುದಿತ್ತು.
ದೋಣಿಯ ಮೂತಿಯಲ್ಲಿ ಬಿಳಿ ಬಣ್ಣದಡಿ
ಬೆರಳಿಗೆ ಸಿಗುವಷ್ಟೇ ಉಬ್ಬಿದ ಅಕ್ಷರಗಳು,
ಯಾರದೋ ಹೆಸರು, ಇಲ್ಲವೇ ಯಾವುದೋ ಊರು.
ಕೈ ಹಿಂದಕ್ಕೆ ತೆಗೆದುಕೊಂಡೆ.

ಟ್ರಕ್ಕಿನ ಕನ್ನಡಿಯಲ್ಲಿ ಕಂಡದ್ದು:
ಅವನು ಬಾಗಿಲು ಮುಚ್ಚಿರಲಿಲ್ಲ.
ದೋಣಿಯ ಹಿಂದೆ ಮಂಡಿಯೂರಿ, ಕಿವಿ ಹಚ್ಚಿ,
ತನ್ನದೇ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದ.

"ಹಲಗೆ ಬದಲಿಸಲು ಆರುನೂರು. ಎರಡು ವಾರ.
ನಾನೇ ಮಾಡಬಲ್ಲೆ," ಎಂದಳು ಲೆಂಪಿ, ಊರು ದಾಟಿದ ಮೇಲೆ.
"ಅಲ್ಲೇ ಯಾಕೆ ಹೇಳಲಿಲ್ಲ?"
"ಮಂಜು ಕರಗಲಿ. ಬೆಲೆಯೂ ಕರಗುತ್ತೆ."
ಬೆರಳು ಮೂಸಿಕೊಂಡೆ: ಎಣ್ಣೆ, ಪೆಟ್ರೋಲು, ಕೊಳೆತ ಮರ.
"ಆ ಪುಟದಲ್ಲಿ ಏನು ಬರೆದಿದ್ದ?"
"ಬೈಗುಳ," ಎಂದಳು.
"ನಮ್ಮಜ್ಜನ ಕಾಲದ್ದು. ಕಾಗುಣಿತ ಮಾತ್ರ ತಪ್ಪು."