ಗೆಣ್ಣು

ಸಲಾಲಾದ ಬೆನ್ನಿಗಿರುವ ಗುಡ್ಡದ ಮೇಲೆ
ಖರೀಫ್ ಮಂಜು ಇಳಿದರೆ ಎದುರಿನ ದನವೂ ಕಾಣುವುದಿಲ್ಲ,
ಅದು ಹುಲ್ಲು ಕೀಳುವ ಸದ್ದು ಮಾತ್ರ.
ಹಸಿದದ್ದರ ಸದ್ದು ಅವಸರದ್ದು,
ಹೊಟ್ಟೆ ತುಂಬಿದ್ದರದ್ದು ಎಣಿಸಿ ಎಣಿಸಿ.
ಮೂವತ್ತೆಂಟು ತಲೆಗಳನ್ನು ನಾನು ಕಿವಿಯಿಂದಲೇ ಕಾಯುತ್ತೇನೆ.

ನನ್ನ ಹೆಸರು ಬೀರ. ಇಲ್ಲಿಯವರಿಗೆ ಬೀರ್ ಅಂದರೆ ಬಾವಿ.
‘ಏ ಬಾವಿ, ತಂತಿ ಸರಿಸಿದೆಯಾ?’ ಮುಸಲ್ಲಮ್ ನಗುತ್ತಾನೆ
ಪಿಕಪ್ಪಿನ ಕಿಟಕಿಯಿಂದ ಮೊಣಕೈ ಹೊರಗಿಟ್ಟು.
ಸರಿಸಿದ್ದೇನೆ. ಮೂರು ದಿನಕ್ಕೊಮ್ಮೆ
ಗೂಟ ಕಿತ್ತು, ತಂತಿ ಸುತ್ತಿ, ಬ್ಯಾಟರಿ ಹೆಗಲಿಗೇರಿಸಿ.
ಇಳಿಜಾರನ್ನು ಒಂಬತ್ತು ಪಾಲು ಮಾಡಿದ್ದೇವೆ;
ಒಂದರಲ್ಲಿ ದನ,
ಎಂಟರಲ್ಲಿ ಬರೀ ಹುಲ್ಲು, ತನ್ನ ಪಾಡಿಗೆ.

ಕುರಿ ಕಾದವನಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ:
ಮೊಳ ಬಂದಾಗ ಒಳಗೆ ಬಿಡು, ಚೋಟು ಉಳಿದಾಗ ಹೊರಗೆ ಹೊಡಿ.
ನಮ್ಮ ಕಡೆ ಬೇಲಿಯೇ ಇರಲಿಲ್ಲ,
ಮೇಯಿಸಿದ ಜಾಗಕ್ಕೆ ಬೆನ್ನು ಹಾಕಿ
ಮುಂದಿನ ಸೀಮೆಗೆ ನಡೆದುಬಿಟ್ಟರೆ ಅದೇ ನೆಲಕ್ಕೆ ಬಿಡುವು.
ಇಲ್ಲಿ ದನ ನಿಂತಿರುತ್ತದೆ, ಬೇಲಿ ನಡೆಯುತ್ತದೆ.

ನನಗಿದು ಮೊದಲ ಖರೀಫ್. ಏನೋ ತಪ್ಪಿತು.
ಎರಡನೇ ಸುತ್ತಿಗೆ ನಾಲ್ಕನೇ ಪಾಲು ಮೊಳ ಮುಟ್ಟಿರಲಿಲ್ಲ,
ಐದರಲ್ಲಿ ಮಣ್ಣು ಇಣುಕಿತ್ತು,
ದನ ಮೂಸಿ ಬಿಡುವ ಕಳೆಯೊಂದು ದರ್ಬಾರು ನಡೆಸಿತ್ತು.
ಶಹಜಲಾಲ್ ಮಳೆಯನ್ನು ಬೈದ,
ಮುಸಲ್ಲಮ್ ಪಕ್ಕದವನ ಒಂಟೆಗಳನ್ನು,
ನಾನು ಬ್ಯಾಟರಿಯನ್ನು.
ದಲ್ಲಾಳಿ ಹಮೂದ್ ಹೋರಿಗಳ ಬೆನ್ನು ಹಿಚುಕಿ ನೋಡಿ
‘ಮದುವೆ ಊಟಕ್ಕೆ ಇವು ಮಾಂಸವಾಗವು, ಸಾರಾದಾವು’ ಎಂದು
ಚಹಾ ಕುಡಿಯದೆ ಹೋದ.

ಮುಸಲ್ಲಮನ ತಾಯಿ ತುಫೂಲ್, ಎಂಬತ್ತೋ ತೊಂಬತ್ತೋ ಅವಳಿಗೂ ಗೊತ್ತಿಲ್ಲ,
ಒಂದು ಸಂಜೆ ಕೋಲೂರಿ ಬೇಲಿಯ ತನಕ ಬಂದಳು.
ಕರೆಂಟಿದೆ ಅಮ್ಮಾ ಅಂದೆ. ತಂತಿಯನ್ನು ಕೋಲಿನಿಂದ ಒತ್ತಿ ದಾಟಿದಳು.
ಅವಳ ಕಾಲದಲ್ಲಿ ಮಂಜು ಏಳುವ ತನಕ ಗುಡ್ಡಕ್ಕೆ ಬೀಗವಂತೆ,
ಬೀಗವೆಂದರೆ ಕಬ್ಬಿಣದ್ದಲ್ಲ, ಹಿರಿಯರ ಮಾತು.
ಅಲ್ಲಿವರೆಗೆ ದನಕ್ಕೆ ಒಣಮೀನು.
ಹಾಲೆಲ್ಲ ಮೀನು ನಾತ, ಗುಡ್ಡ ಮಾತ್ರ ಹಸಿರು.

‘ನೀನು ಹೇಗೆ ಅಳೆಯುತ್ತೀ, ತೋರಿಸು.’
ಬಲಗೈ ಹೆಬ್ಬೆರಳು ನೆಲಕ್ಕೂರಿ ತೋರುಬೆರಳು ಮೇಲೆ ಚಾಚಿದೆ.
ಅವಳು ಬಗ್ಗಿ ನೋಡಿದಳು. ಹುಲ್ಲನ್ನಲ್ಲ, ಬೆರಳನ್ನು.

ಹನ್ನೊಂದು ವರ್ಷದ ಹಿಂದೆ ಅಲ್ ಐನ್‌ನ ಡೈರಿಯಲ್ಲಿ
ಮೇವು ಕತ್ತರಿಸುವ ಯಂತ್ರ ಒಂದು ಗೆಣ್ಣು ತಿಂದಿತ್ತು.
ನೋವು ಹೋದ ಮೇಲೆ ಅದನ್ನು ಲೆಕ್ಕದಿಂದ ಬಿಟ್ಟಿದ್ದೆ,
ಅಥವಾ ಇನ್ನೂ ಲೆಕ್ಕದಲ್ಲೇ ಇಟ್ಟಿದ್ದೆ.

ತನ್ನ ಅಂಗೈಯನ್ನು ನನ್ನದರ ಪಕ್ಕ ತಂದಳು.
ಒಂದು ಗೆಣ್ಣು ಕಡಿಮೆ. ಹುಲ್ಲಿಗೂ ಅಷ್ಟೇ.
ಬುಡದ ಆ ಗೆಣ್ಣಿನಲ್ಲೇ ಅದರ ಮುಂದಿನ ಚಿಗುರು ಮಲಗಿರುತ್ತದೆ;
ಮೂವತ್ತೆಂಟು ನಾಲಿಗೆಗಳಿಗೆ ನಾನೇ ಬಡಿಸಿದ್ದೆ ಅದನ್ನು,
ಮೂರು ದಿನಕ್ಕೊಮ್ಮೆ, ಒಂದು ದಿನವೂ ತಪ್ಪದೆ.

ತುಫೂಲ್ ಹಲ್ಲಿಲ್ಲದ ಬಾಯಲ್ಲಿ ನಕ್ಕಳು:
‘ಬಾವಿ ಸರಿಯಿದೆ, ಹಗ್ಗ ಗಿಡ್ಡ.’

ಮುಸಲ್ಲಮನಿಗೆ ಹೇಳಲೋ ಬೇಡವೋ, ಎರಡು ರಾತ್ರಿ ಹೊರಳಿದೆ.
ಹೇಳಲಿಲ್ಲ. ಅವಳೂ ಹೇಳಿದಂತಿಲ್ಲ.
ಹನ್ನೆರಡು ದನಗಳನ್ನು ಕೆಳಗಿನ ಕೊಟ್ಟಿಗೆಗೆ ಇಳಿಸಿ ಒಣಮೇವು ಹಾಕಿದೆವು,
ಐದನೇ ಪಾಲಿಗೆ ನಲವತ್ತು ದಿನ ರಜೆ ಕೊಟ್ಟೆ.
ಬ್ಯಾಟರಿ ಮುದಿಯಾಗಿದೆ ಎಂದಿದ್ದೆನಲ್ಲ, ಅವನು ಹೊಸದನ್ನು ತಂದ.
ಅದು ಹೆಗಲ ಮೇಲೆ ಹಳೆಯದಕ್ಕಿಂತ ಭಾರ.

ಈಗ ಎಡಗೈಯಲ್ಲಿ ಅಳೆಯುತ್ತೇನೆ,
ಮಂಜಿನಲ್ಲಿ ಮೊಣಕಾಲೂರಿ, ಏರಿನಲ್ಲೊಂದು ಕಡೆ, ತಗ್ಗಿನಲ್ಲೊಂದು ಕಡೆ.
ಒಮ್ಮೊಮ್ಮೆ ರೂಢಿಯಿಂದ ಬಲಗೈ ಮುಂದಾಗುತ್ತದೆ,
ಆಗ ಇಲ್ಲದ ಬೆರಳ ತುದಿಗೆ
ತಣ್ಣಗೆ ಹುಲ್ಲು ತಾಗುತ್ತದೆ.