ಹೊಲಿಗಿ ಹೊರಗ

ಹುಟ್ಟಿದಾಗ ಎಡಗಾಲಿನ ಹಿಮ್ಮಡಕ್ಕ ತೊಗಲೇ ಇರಲಿಲ್ಲ.
ನರ್ಸಮ್ಮ ಟವಲಿನಿಂದ ಒರೆಸಿದಲ್ಲೆಲ್ಲ
ನೀರ್ಗುಳ್ಳಿ ಎದ್ದವು, ತೊಗರಿಕಾಳಿನಷ್ಟು, ಆಮ್ಯಾಲ ಅವರಿಕಾಳಿನಷ್ಟು.
ಯಾರರ ಬಿಸಿನೀರು ಚೆಲ್ಲಿದ್ರೇನು ಅಂತ
ನಮ್ಮವ್ವ ವಾರ್ಡಿನ ತುಂಬ ಕೇಳಿಕೋತ ತಿರುಗಿದಳು.

ಓಣ್ಯಾಗ ಹೆಸರಿಗೆ ಬರ ಇಲ್ಲ.
ಅಂಬಾಬಾಯಿ ಸರ್ಪಸುತ್ತು ಅಂದಳು.
ಎದುರು ಮನಿ ಮಾಸ್ತರು, ಗ್ರಹಣದಾಗ
ಬಸುರಿ ಕತ್ತರಿ ಹಿಡಿದಿದ್ದಳೇನು ಅಂದರು.
ಕತ್ತರಿ! ನಮ್ಮ ಮನ್ಯಾಗ ಕತ್ತರಿ ಹಿಡೀದ ದಿನ
ಒಲಿ ಹೊತ್ತೂದಿಲ್ಲ. ನಾವು ಶಿಂಪಿಗೇರು.

ಕಲಬುರಗಿ ದೊಡ್ಡ ದವಾಖಾನಿ, ತೊಗಲಿನ ಖೋಲಿ.
ತಹಸೀನ್ ಮೇಡಂ ಚೀಟಿ ತಿರುವಿ ಗೆರಿ ಎಳದರು.
ಎಲ್ಲಿ ಬಿಡತದ ಅನ್ನೂದರ ಮ್ಯಾಲ ಹೆಸರು, ಅಂದರು.
ನನಗ ಗೆರಿ ಕಾಣಲಿಲ್ಲ, ಕೋಟು ಕಂಡಿತು:
ಮ್ಯಾಲ ಬಟ್ಟಿ, ಕೆಳಗ ಅಸ್ತರು,
ಎರಡನ್ನೂ ಹಿಡಿದ ಕಚ್ಚಾ ಹೊಲಿಗಿ.

ಮ್ಯಾಲಿನ ಬಟ್ಟಿ ತನ್ನೊಳಗ ತಾನೇ ಹಿಂಜಿದರ ಸಿಂಪ್ಲೆಕ್ಸ್.
ಸಾದಾ ಅಂತ ಅರ್ಥವಂತ.
ಬ್ಯಾಸಗ್ಯಾಗ ಅಂಗಾಲು ಊರಲಾರದೆ
ಅಪ್ಪನ ಹೆಗಲ ಮ್ಯಾಲ ಬಂದಿದ್ದ ಒಬ್ಬ ಹುಡುಗ,
ಅವನಿಗೆ ಕೇಳಬೇಕು ಎಷ್ಟು ಸಾದಾ ಅಂತ.

ನಡುವಿನ ಹೊಲಿಗಿ ಬಿಟ್ಟರ ಜಂಕ್ಷನಲ್.
ಇದನ್ನ ಹೇಳುವಾಗ ಮೇಡಂ ದನಿ ಇಳಿಸಿದರು.
ನನಗ ವಾಡಿ ಜಂಕ್ಷನ್ ನೆನಪಾತು,
ರಾತ್ರಿ ರೈಲು, ಚಹಾದವನ ಕೂಗು.
ಕೂಡೂ ಜಾಗದ ಹೆಸರು ಬಿಡೂದಕ್ಕ ಯಾಕ ಇಟ್ಟರೋ.

ಅಸ್ತರಿಗಿಂತ ಕೆಳಗ ಬೇರಿನಂಥ ದಾರ ಇರತಾವಂತ,
ಅವು ಕೈಕೊಟ್ಟರ ಡಿಸ್ಟ್ರೋಫಿಕ್.
ಕಿಂಡ್ಲರ್ ಅಂತ ಇನ್ನೊಂದು, ಒಂದೇ ಪದರ ನೋಡೂದಿಲ್ಲ,
ಸಿಕ್ಕಲ್ಲಿ ಬಿಡತದ.

ಕಡಲಿಯಷ್ಟು ತೊಗಲು ಕೊಯ್ದು ಹೈದರಾಬಾದಿಗೆ ಕಳಿಸಿದರು,
ಮ್ಯಾಚಿಂಗ್ ನೋಡಲಿಕ್ಕೆ ನಾ ಬಟ್ಟಿ ತುಂಡು ಒಯ್ದಂಗ.
ನನ್ನ ರಕ್ತ, ಸುಲೋಚನಾನ ರಕ್ತ ಬ್ಯಾರೆ ಬ್ಯಾರೆ ಶೀಶಿ.

ಹನ್ನೆರಡನೇ ದಿನದ ತೊಟ್ಟಿಲು ಮುಂದ ಹೋತು.
ಕೂಸಿಗಿಂತ ಮೊದಲು ಬ್ಯಾನಿಗೆ ಹೆಸರು ಬಂತು:
ರಿಸೆಸಿವ್ ಡಿಸ್ಟ್ರೋಫಿಕ್ ಎಪಿಡರ್ಮೊಲೈಸಿಸ್ ಬುಲ್ಲೋಸಾ.
ಅಳತಿ ಪುಸ್ತಕದಾಗ ಬರಕೊಂಡೆ,
ಎರಡು ಸಾಲು ಹಿಡೀತು. ಎದಿ, ಸೊಂಟ, ತೋಳು ಖಾಲಿ.

ಇಬ್ಬರ ಕಡೆಯಿಂದೂ ಒಂದೊಂದು ಸೋತ ದಾರ ಬಂದಾವ,
ನಿಮಗ ಜೋಡಿ ದಾರ ಗಟ್ಟಿ ಇತ್ತು, ಇಕಿಗಿಲ್ಲ, ಅಂದರು ಮೇಡಂ.
ಸುಲೋಚನಾ ನಮ್ಮ ಸೋದರಮಾವನ ಮಗಳು,
ಅಂದ್ರ ಅವ್ವನ ತಮ್ಮನ ಮಗಳು.
ಸೊಸಿ ಕಾಲ್ಗುಣ ಅಂತಿದ್ದ ಅವ್ವ
ಅವತ್ತು ಉಣಲಿಲ್ಲ, ದೀಪಾನೂ ಹಚ್ಚಲಿಲ್ಲ.
ರಾತ್ರಿ ಎದ್ದು ನೋಡಿದರ
ಸೊಸಿ ಹಾಸಿಗಿ ಬದಿಗೆ ಕುಂತು
ಗಾಯಕ್ಕ ಕಟ್ಟೂ ಪಟ್ಟಿ ಮಡಚತಿದ್ದಳು.

ಹದಿನಾಲ್ಕು ವರ್ಷ ಹೊಲಿಗಿ ಒಳಗ ಮುಚ್ಚಿದವ ನಾ,
ಈಗ ಹೊರಗ ಹೊಲಿತೀನಿ.
ಗುಂಡಿ ಇಲ್ಲ, ಇಲ್ಯಾಸ್ಟಿಕ್ ಇಲ್ಲ, ಹಳೀ ಧೋತರದ ಮೆತ್ತನ ಅರಿವಿ.
ಕೂಸಿಗೆ ಅಂಗಿ ಉಲ್ಟಾ ಹಾಕೀರಿ, ಅಂತಾರ ಗಿರಾಕಿ.
ಹೂಂ ಅಂತೀನಿ.

ಪೇಪರಿನವ ಬಂದು ಚಿಟ್ಟಿ ಕೂಸು ಅಂತ ಬರೀತೀನಿ ಅಂದ.
ಬ್ಯಾಡಪಾ. ಚಿಟ್ಟಿ ಮುಟ್ಟಿದರ ನಿನ್ನ ಬಟ್ಟಿಗೆ ಬಣ್ಣ ಹತ್ತತದ,
ಇಕಿನ್ನ ಮುಟ್ಟಿದರ ಇಕಿ ಚೀರತಾಳ.

ಮೂರನೇ ತಿಂಗಳಿಗೆ ತೊಟ್ಟಿಲು.
ಬಗಲಾಗ ಕೈ ಹಾಕಿ ಎತ್ತಂಗಿಲ್ಲ,
ಹತ್ತಿ ಗಾದಿ ಸಮೇತ ಇಳಿಸಿದಿವಿ.
ಸ್ವಾದರತ್ತಿ ಶೇವಂತಾ ಬಗ್ಗಿ, ಕಿವಿಗೆ ಬಾಯಿ ಹಚ್ಚದೆ,
ಗೇಣು ದೂರದಿಂದ ಕುರ್‍ರ್ ಅಂದಳು.
ಹೆಂಗಸರು ಶಾಸ್ತ್ರದಂಗ ಅಕಿ ಬೆನ್ನಿಗೆ ಗುದ್ದಿದರು
ಧಬಾ ಧಬಾ, ಬಳಿ ಕೈಲೆ, ನಕ್ಕೋತ.
ನಾ ನೋಡತಿದ್ದೆ, ಈಗ ಏಳತದ, ಈಗ ಏಳತದ ಅಂತ.
ಏನೂ ಏಳಲಿಲ್ಲ. ತಂಗಿ ಬೆನ್ನು
ಬೆನ್ನಾಗೇ ಉಳೀತು.
ಹಾಳು ಹೊಟ್ಟಿಕಿಚ್ಚಾತು ನನಗ.

ಗದ್ದಲದಾಗ ಹೆಸರು ಕೇಳಲಿಲ್ಲ.
ಪೆನ್ಸಿಲ್ ಹಿಡಿದು, ಏನಿಟ್ಟಿ ಅಂದೆ.
ಅಕಿ ಕಿವ್ಯಾಗ ಹೇಳೀನಿ, ಅಕಿಗೇ ಕೇಳು ಅಂದಳು.